ಹಾಡಿನ ಹಿಂದಿನ ಜಾಮೀನುದಾರ

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ತಮಿಳಿನ ಮಾತು ಬಂದರೆ ಅದು ಹತ್ತು ನಿಮಿಷದೊಳಗೆ ನೀರಿನ ಮಾತಾಗುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿ ಭತ್ತ, ಕಬ್ಬು ಇಟ್ಟವರ ಊರುಗಳಿವು. 1991, 2002, 2016, ಹೀಗೆ ಕಾವೇರಿ ಗಲಾಟೆಯ ಇಸವಿಗಳನ್ನು ಇಲ್ಲಿಯವರು ಮದುವೆ, ಸಾವುಗಳ ಇಸವಿಗಳಂತೆ ನೆನಪಿಟ್ಟುಕೊಂಡಿದ್ದಾರೆ. ಆದರೆ ತಮಿಳು ಪತ್ರಿಕೋದ್ಯಮದ ಚರಿತ್ರೆಯಲ್ಲಿ ಮಂಡ್ಯದ ಹೆಸರು ಬೇರೊಂದು ಕಾರಣಕ್ಕೆ ಬರುತ್ತದೆ. ತಮಿಳಿನ ಮಹಾಕವಿ ಸುಬ್ರಹ್ಮಣ್ಯ ಭಾರತಿಯವರಿಗೆ ಪತ್ರಿಕೆಯೊಂದನ್ನು ಕೊಟ್ಟು, ಕಷ್ಟಕಾಲದಲ್ಲಿ ಜೊತೆಗೆ ನಿಂತ ಮನೆತನದ ಹೆಸರು ಮಂಡಯಂ. ನಮ್ಮ ಮಂಡ್ಯದಿಂದ, ಮೇಲುಕೋಟೆಯಿಂದ ಹೊರಟು ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಶ್ರೀವೈಷ್ಣವರು ಅವರು. ಊರು ಬಿಟ್ಟರೂ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು.

ಭಾರತಿ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಎಟ್ಟಯಪುರಂನಲ್ಲಿ. ಬಾಲ್ಯದಲ್ಲೇ ಅಲ್ಲಿನ ಆಸ್ಥಾನದಲ್ಲಿ 'ಭಾರತಿ' ಎಂಬ ಬಿರುದು ಸಿಕ್ಕಿತು. ಕಾಶಿಯಲ್ಲಿ ಕೆಲವು ವರ್ಷ ಇದ್ದು ಬಂದರು. 1904ರಲ್ಲಿ ಮದರಾಸಿನ 'ಸ್ವದೇಶಮಿತ್ರನ್' ಪತ್ರಿಕೆಗೆ ಸೇರಿದರು. ಅಲ್ಲಿನ ಮಿತವಾದಿ ಧೋರಣೆ ಅವರ ಬಿಸಿರಕ್ತಕ್ಕೆ ಒಗ್ಗಲಿಲ್ಲ. 1906ರಲ್ಲಿ ಮಂಡಯಂ ಮನೆತನದ ತಿರುಮಲಾಚಾರಿಯವರು ಹಣ ಹಾಕಿ 'ಇಂಡಿಯಾ' ಎಂಬ ವಾರಪತ್ರಿಕೆ ಶುರುಮಾಡಿದಾಗ ಅದರ ಬರವಣಿಗೆಯ ಹೊಣೆ ಭಾರತಿಯವರದಾಯಿತು. ಕೆಂಪು ಕಾಗದ, ರಾಜಕೀಯ ವ್ಯಂಗ್ಯಚಿತ್ರ, ಬೆಂಕಿಯಂಥ ಮಾತು. ತಮಿಳಿನಲ್ಲಿ ಅಂಥ ಪತ್ರಿಕೆ ಅಲ್ಲಿಯವರೆಗೆ ಇರಲಿಲ್ಲ. (ಇದೇ ಮನೆತನದ ಇನ್ನೊಬ್ಬ, ಎಂ.ಪಿ.ಟಿ. ಆಚಾರ್ಯ, ಈ ಪತ್ರಿಕೆಯ ಕೆಲಸ ಮಾಡಿ ದೇಶ ಬಿಟ್ಟು, 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದಾಗ ಅದರ ಅಧ್ಯಕ್ಷನಾದ. ಕಾರ್ಯದರ್ಶಿಯಾಗಿದ್ದವರು ಮುಹಮ್ಮದ್ ಶಫೀಕ್. ಮಂಡ್ಯದ ಹೆಸರು ಎಲ್ಲೆಲ್ಲಿಗೆ ಹೋಗಿದೆ ನೋಡಿ.)

ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು 1908ರ ಪ್ರಸಂಗ. ಆ ವರ್ಷ ಬ್ರಿಟಿಷ್ ಸರ್ಕಾರ ದಕ್ಷಿಣದಲ್ಲಿ ಸ್ವದೇಶಿ ಚಳವಳಿಯವರ ಮೇಲೆ ಮುಗಿಬಿತ್ತು. ಭಾರತಿಯವರ ಗೆಳೆಯ ವ.ಉ. ಚಿದಂಬರಂ ಪಿಳ್ಳೆ ಜೈಲು ಸೇರಿದರು. ಅಲ್ಲಿ ಅವರಿಂದ ಎತ್ತಿನ ಬದಲು ಗಾಣ ಎಳೆಸಿದರು. 'ಇಂಡಿಯಾ' ಪತ್ರಿಕೆಯ ಮೇಲೂ ರಾಜದ್ರೋಹದ ಮೊಕದ್ದಮೆ ಬಂತು. ಆದರೆ ಸರ್ಕಾರಿ ದಾಖಲೆಯಲ್ಲಿ ಪತ್ರಿಕೆಯ ಹೊಣೆಗಾರನೆಂದು ಭಾರತಿಯವರ ಹೆಸರಿರಲಿಲ್ಲ. ಅಲ್ಲಿದ್ದದ್ದು ಎಂ. ಶ್ರೀನಿವಾಸನ್ ಎಂಬವರ ಹೆಸರು. ಅವರು ಹೆಸರಿಗೆ ಮಾತ್ರ ಸಂಪಾದಕ. ಪತ್ರಿಕೆಯ ನಿಜವಾದ ದನಿ ಭಾರತಿಯವರದು. ಪೊಲೀಸರು ಶ್ರೀನಿವಾಸನ್ ಅವರನ್ನು ಬಂಧಿಸಿದರು. ಗೆಳೆಯರ ಸಲಹೆಯಂತೆ ಭಾರತಿ ಫ್ರೆಂಚರ ಆಳ್ವಿಕೆಯ ಪುದುಚೇರಿಗೆ ಹೊರಟುಹೋದರು. ಶ್ರೀನಿವಾಸನ್‌ಗೆ 5 ವರ್ಷ ಶಿಕ್ಷೆಯಾಯಿತು.

ಮಳವಳ್ಳಿಯ ಟೀ ಅಂಗಡಿಯೊಂದರಲ್ಲಿ ಈ ಕತೆಯನ್ನು ಒಮ್ಮೆ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ರೈತರೊಬ್ಬರು ಅಲ್ಲಿಯತನಕ ಸುಮ್ಮನಿದ್ದವರು ಕೇಳಿದರು: "ಅಂಗಾದ್ರೆ ಆವಪ್ಪ ಜಾಮೀನ್ ನಿಂತಿದ್ದ ಅನ್ನಿ ಸಾಬ್ರೆ. ಸಾಲ ತಕ್ಕಂಡೋನು ಊರು ಬಿಟ್ಟ, ನೋಟೀಸು ಇವನ ಮನೆ ಬಾಗ್ಲಿಗೆ ಬಂತು." ಸೊಸೈಟಿ ಸಾಲಕ್ಕೆ ಇನ್ನೊಬ್ಬರ ಪರವಾಗಿ ಸಹಿ ಹಾಕಿ ಸುಟ್ಟುಕೊಂಡವರು ಈ ಸೀಮೆಯ ಪ್ರತಿ ಊರಿನಲ್ಲೂ ಇದ್ದಾರೆ. ಹಾಗಾಗಿ ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದ ಪದ ಅವರ ಬಾಯಲ್ಲಿ ಸಿದ್ಧವಾಗಿತ್ತು. ಬರೆದವನೊಬ್ಬ, ಬೆಲೆ ತೆತ್ತವನೊಬ್ಬ.

ಇದನ್ನು ನೈತಿಕ ಪ್ರಶ್ನೆಯಾಗಿ ಕೇಳಿದರೆ ಹೀಗಾಗುತ್ತದೆ: ಒಬ್ಬನು ಲೋಕಕ್ಕೆ ಮಾಡಿದ ದೊಡ್ಡ ಉಪಕಾರದಿಂದ, ಅವನು ಇನ್ನೊಬ್ಬ ವ್ಯಕ್ತಿಗೆ ಉಳಿಸಿಕೊಂಡ ಬಾಕಿ ವಜಾ ಆಗುತ್ತದೆಯೆ?

ಅದೇ 1908ರಲ್ಲಿ ಉತ್ತರದಲ್ಲಿ ನಡೆದ ಇನ್ನೊಂದು ಘಟನೆಯನ್ನು ಇದರ ಪಕ್ಕಕ್ಕೆ ಇಡಬೇಕು. ಅಲಿಗಢದಿಂದ 'ಉರ್ದೂ-ಎ-ಮುಅಲ್ಲಾ' ಎಂಬ ಪತ್ರಿಕೆ ನಡೆಸುತ್ತಿದ್ದ ಕವಿ ಮೌಲಾನಾ ಹಸ್ರತ್ ಮೊಹಾನಿ. 'ಚುಪ್ಕೆ ಚುಪ್ಕೆ' ಗಜಲನ್ನು ಗುಲಾಂ ಅಲಿಯವರ ದನಿಯಲ್ಲಿ ಕೇಳಿದವರೆಲ್ಲ ಬಲ್ಲ ಕವಿ ಅವರು. ಈಜಿಪ್ಟಿನಲ್ಲಿ ಬ್ರಿಟಿಷರ ನೀತಿಯನ್ನು ಟೀಕಿಸುವ ಒಂದು ಲೇಖನ ಬರೆದವರ ಹೆಸರಿಲ್ಲದೆ ಅವರ ಪತ್ರಿಕೆಯಲ್ಲಿ ಅಚ್ಚಾಯಿತು. ಲೇಖಕ ಯಾರೆಂದು ಸರ್ಕಾರ ಕೇಳಿತು. ಮೊಹಾನಿ ಹೇಳಲಿಲ್ಲ. ಹೊಣೆ ನನ್ನದು ಎಂದರು. ಜೈಲಿಗೆ ಹೋಗಿ ಬೀಸುವ ಕಲ್ಲು ತಿರುಗಿಸಿದರು. ದಂಡದ ಲೆಕ್ಕಕ್ಕೆ ಅವರು ಕೂಡಿಟ್ಟಿದ್ದ ಪುಸ್ತಕಗಳೂ ಹೋದವು.

ಇಬ್ಬರೂ ಕವಿಗಳು, ಇಬ್ಬರೂ ಪತ್ರಿಕೆಯವರು, ವರ್ಷವೂ ಒಂದೇ. ಒಬ್ಬರು ಇನ್ನೊಬ್ಬರ ಮಾತಿಗಾಗಿ ಒಳಗೆ ಹೋದರು. ಇನ್ನೊಬ್ಬರ ಮಾತಿಗಾಗಿ ಬೇರೊಬ್ಬ ಒಳಗೆ ಹೋದ. ಇಷ್ಟು ಹೇಳಿ ಮೊಹಾನಿಯವರನ್ನು ಹೊತ್ತು ಮೆರೆಸಿ, ಭಾರತಿಯವರನ್ನು ಕಟಕಟೆಗೆ ನಿಲ್ಲಿಸಿ ಲೇಖನ ಮುಗಿಸಬಹುದಿತ್ತು. ನಮ್ಮ ಸಮುದಾಯದ ಓದುಗರಿಗೆ ಅದು ಹಿತವಾಗಿಯೂ ಇರುತ್ತಿತ್ತು. ಆದರೆ ಲೆಕ್ಕ ಅಷ್ಟು ಸುಲಭವಲ್ಲ. ಭಾರತಿ ಆ ವರ್ಷ ಜೈಲಿಗೆ ಹೋಗಿದ್ದರೆ ತಮಿಳಿಗೆ ಏನು ಸಿಗುತ್ತಿರಲಿಲ್ಲ ಎಂಬುದನ್ನೂ ನೋಡಬೇಕು.

ಪುದುಚೇರಿಯಲ್ಲಿ ಅವರು ಕಳೆದದ್ದು 10 ವರ್ಷ. 'ಇಂಡಿಯಾ' ಅಲ್ಲಿಂದ ಮತ್ತೆ ಹೊರಟಿತು. ಬ್ರಿಟಿಷರು ತಮ್ಮ ಸೀಮೆಯೊಳಗೆ ಅದನ್ನು ಬಿಡದಿದ್ದಾಗ 1910ರಲ್ಲಿ ನಿಂತಿತು. ಪತ್ರಿಕೆ ನಿಂತಮೇಲೆ ಕವಿತೆ ಉಕ್ಕಿತು. 'ಕಣ್ಣನ್ ಪಾಟ್ಟು', 'ಕುಯಿಲ್ ಪಾಟ್ಟು', 'ಪಾಂಚಾಲಿ ಶಪಥಂ' ಮೂರೂ ಆ ಕಾಲದವು. ಕೃಷ್ಣನನ್ನು ಗೆಳೆಯನಾಗಿ, ತಾಯಿಯಾಗಿ, ಆಳಾಗಿ, ಮಗುವಾಗಿ, ಪ್ರಿಯಕರನಾಗಿ ಕಂಡು ಕಟ್ಟಿದ ಹಾಡುಗಳು ಕರ್ನಾಟಕ ಸಂಗೀತದೊಳಗೆ ಹೊಸ ಗಾಳಿಯಂತೆ ಬಂದವು. ಭಾರತಿ ತಮ್ಮ ಅನೇಕ ಹಾಡುಗಳಿಗೆ ರಾಗ ತಾಳಗಳನ್ನು ತಾವೇ ಗುರುತು ಮಾಡಿದ್ದರು. ಕಾವಡಿ ಹೊರುವವರ ಧಾಟಿ, ಭಿಕ್ಷುಕರ ಧಾಟಿ, ಬೀದಿಯ ಧಾಟಿ ಯಾವುದನ್ನೂ ಬಿಡಲಿಲ್ಲ. ಅರ್ಥ ತಿಳಿಯದೆ ಹಾಡಿದ ಕೆಲವೇ ಕೀರ್ತನೆಗಳನ್ನು ಮತ್ತೆ ಮತ್ತೆ ಹಾಡುವ ವಿದ್ವಾಂಸರ ಬಗ್ಗೆ ಅವರಿಗೆ ಸಿಟ್ಟಿತ್ತು. ಅದನ್ನು ಲೇಖನವಾಗಿ ಬರೆದರು. ಮುಂದೆ ಡಿ.ಕೆ. ಪಟ್ಟಮ್ಮಾಳ್ ಅವರಂಥವರು ಆ ಹಾಡುಗಳನ್ನು ಕಚೇರಿಯ ವೇದಿಕೆಗೂ ಸಿನಿಮಾಕ್ಕೂ ತಂದರು. ಇವತ್ತು ಕರ್ನಾಟಕದ ಕಚೇರಿಗಳಲ್ಲೂ ತನಿ ಆವರ್ತನ ಮುಗಿದ ಮೇಲೆ, ಕೇಳುಗರು ಚಪ್ಪಲಿ ಹುಡುಕಲು ಶುರುಮಾಡುವ ಹೊತ್ತಿಗೆ, ಭಾರತಿಯ ಒಂದು ಹಾಡು ಬಂದರೆ ಎದ್ದವರು ಮತ್ತೆ ಕೂರುತ್ತಾರೆ. ಆಗ ಯಾರಿಗೂ ನೀರಿನ ಜಗಳ ನೆನಪಾಗುವುದಿಲ್ಲ.

ಪುದುಚೇರಿಯಲ್ಲಿ ಅವರ ನೆರೆಹೊರೆಯಾಗಿದ್ದವರು ಮಂಡಯಂ ಶ್ರೀನಿವಾಸಾಚಾರಿ. (ಜೈಲಿಗೆ ಹೋದ ಶ್ರೀನಿವಾಸನ್ ಬೇರೆ, ಇವರು ಬೇರೆ.) ಅವರ ಮಗಳ ಹೆಸರು ಯದುಗಿರಿ. ಯದುಗಿರಿ ಎಂದರೆ ನಮ್ಮ ಮೇಲುಕೋಟೆ! ಕಡಲತೀರದ ಫ್ರೆಂಚ್ ಊರಿನಲ್ಲಿ ಬೆಳೆಯುವ ಹುಡುಗಿಗೆ ಮೇಲುಕೋಟೆಯ ಬೆಟ್ಟದ ಹೆಸರು. ಭಾರತಿಯವರ ಹಾಡುಗಳು ಯಾವ ಸಂಜೆ, ಯಾವ ಮಾತಿನ ನಡುವೆ ಹುಟ್ಟಿದವು ಎಂಬುದನ್ನು ಆಕೆ ದೊಡ್ಡವಳಾದ ಮೇಲೆ 'ಭಾರತಿ ನಿನೈವುಗಳ್' ಎಂಬ ಪುಸ್ತಕವಾಗಿ ಬರೆದರು. ವಿದ್ವಾಂಸರ ದಪ್ಪ ಗ್ರಂಥಗಳಿಗಿಂತ ಆ ಪುಟ್ಟ ನೆನಪುಗಳಲ್ಲಿ ಕವಿ ಹೆಚ್ಚು ಜೀವಂತವಾಗಿದ್ದಾರೆ.

ಅಲ್ಲಿಯೇ ಅವರು ಕನಕಲಿಂಗಂ ಎಂಬ ದಲಿತ ಯುವಕನಿಗೆ ಜನಿವಾರ ಹಾಕಿಸಿದರು. ದಲಿತನನ್ನು ಬ್ರಾಹ್ಮಣನ ವೇಷಕ್ಕೆ ಏರಿಸುವುದು ಸಮಾನತೆ ಹೇಗಾಗುತ್ತದೆ ಎಂಬ ತಕರಾರು ನನಗಿದೆ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಲು ಯಾರೂ ಯಾರಂತೆಯೂ ಆಗಬೇಕಾಗಿಲ್ಲ. ಆದರೆ ತನ್ನ ಜಾತಿಯವರೆಲ್ಲ ಬಾಗಿಲು ಮುಚ್ಚುವ ಕಾಲದಲ್ಲಿ ಮಾಡಿದ ಕೆಲಸ ಅದು. ಕನಕಲಿಂಗಂ ಕೊನೆಯತನಕ ಅವರನ್ನು ಗುರುವೆಂದು ಕರೆದು ಪುಸ್ತಕವನ್ನೇ ಬರೆದರು. ಮುಂದೆ 1920ರಲ್ಲಿ, ಹೆಂಡತಿಯ ಊರಾದ ಕಡಯಂ ಬಳಿಯ ಪೊಟ್ಟಲ್‌ಪುದೂರಿನಲ್ಲಿ ಭಾರತಿ ಮುಸ್ಲಿಮರ ಮುಂದೆ ನಿಂತು ಇಸ್ಲಾಮಿನ ಹಿರಿಮೆಯ ಬಗ್ಗೆ ಮಾತಾಡಿದರು. ಅಲ್ಲಾಹನ ಮೇಲೆ ಹಾಡನ್ನೂ ಕಟ್ಟಿದರು.

ಇಷ್ಟೆಲ್ಲ ಒಂದು ತಟ್ಟೆಯಲ್ಲಿದೆ. ಇನ್ನೊಂದು ತಟ್ಟೆಯಲ್ಲಿ ಒಬ್ಬ ಮನುಷ್ಯನ 5 ವರ್ಷ. ಲೋಕರೂಢಿಯ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಗೊತ್ತಿರುವುದೇ. ಭಾರತಿಯವರ ಹೆಸರಿನ ರಸ್ತೆಗಳು ತಮಿಳುನಾಡಿನ ಊರೂರಲ್ಲೂ ಇವೆ. ಶ್ರೀನಿವಾಸನ್ ಹೆಸರಿನ ರಸ್ತೆಯನ್ನು ನಾನು ಕಂಡಿಲ್ಲ.

ಮಹಾಭಾರತದ ದ್ಯೂತದ ಕತೆಯನ್ನೇ ಭಾರತಿ 'ಪಾಂಚಾಲಿ ಶಪಥಂ' ಎಂದು ಬರೆದರು. ಅದರ ಮೊದಲ ಭಾಗ ಬಂದದ್ದು 1912ರಲ್ಲಿ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂಬುದು ದ್ರೌಪದಿಯ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಗಮಕಿಗಳು ಕುಮಾರವ್ಯಾಸನನ್ನು ಓದುವಾಗಲೂ ಇದೇ ಪ್ರಶ್ನೆಗೆ ಸಭೆ ಸ್ತಬ್ಧವಾಗುತ್ತದೆ. ಅದನ್ನು ಬರೆಯುವಾಗ ಭಾರತಿಯವರಿಗೆ ಮದರಾಸಿನ ಜೈಲಿನಲ್ಲಿದ್ದವನು ನೆನಪಾದನೇ ಎಂದು ಊಹಿಸುವ ಹಕ್ಕು ನನಗಿಲ್ಲ. ಓದುವಾಗ ನನಗಂತೂ ನೆನಪಾಗುತ್ತಾನೆ.

ಮನೆಯೊಳಗೂ ಒಬ್ಬ ಜಾಮೀನುದಾರರಿದ್ದರು. ಚೆಲ್ಲಮ್ಮ. 1897ರಲ್ಲಿ ಮದುವೆಯಾದಾಗ ಅವರಿಗೆ ಏಳು ವರ್ಷ, ವರನಿಗೆ ಹದಿನಾಲ್ಕು. ಅಡುಗೆಗೆಂದು ತಂದಿಟ್ಟ ಅಕ್ಕಿಯನ್ನು ಕವಿ ಗುಬ್ಬಿಗಳಿಗೆ ಚೆಲ್ಲಿ ಆನಂದಪಟ್ಟ ಕತೆಯನ್ನು ತಮಿಳು ಮಕ್ಕಳೆಲ್ಲ ಕೇಳಿ ಬೆಳೆಯುತ್ತಾರೆ. ಕತೆ ಹೇಳುವವರು ಗುಬ್ಬಿಯ ಕಡೆ ನೋಡುತ್ತಾರೆ, ಕವಿಯ ಕಡೆ ನೋಡುತ್ತಾರೆ. ಒಲೆಯ ಮುಂದೆ ಎಸರು ಇಟ್ಟುಕೊಂಡು ಕೂತವಳ ಕಡೆ ನೋಡುವವರು ಕಡಿಮೆ. ಗುಬ್ಬಿಗಳ ಹಸಿವಿಗೆ ಕರಗುವುದು ದೊಡ್ಡ ಗುಣ, ಒಪ್ಪೋಣ. ಆದರೆ ಆ ಅಕ್ಕಿ ಹೆಂಡತಿ ಮಕ್ಕಳ ಪಾಲಿನದು. ಇನ್ನೊಬ್ಬರ ಪಾಲಿನಿಂದ ತೆಗೆದು ಮಾಡಿದ ದಾನ ದಾನವೇ ಎಂದು ನಮ್ಮ ಅಜ್ಜಿಯಂದಿರು ಕೇಳುತ್ತಿದ್ದರು. ಅವರು ಫಿಕ್ಹ್ ಓದಿದವರಲ್ಲ, ಮನೆ ನಡೆಸಿದವರು.

1918ರ ನವೆಂಬರ್‌ನಲ್ಲಿ ಭಾರತಿ ಪುದುಚೇರಿ ಬಿಟ್ಟು ಬ್ರಿಟಿಷ್ ಸೀಮೆಗೆ ಕಾಲಿಟ್ಟರು. ಕಡಲೂರಿನ ಬಳಿ ಬಂಧನವಾಯಿತು. ಮೂರು ವಾರಗಳ ಮೇಲೆ, ರಾಜಕೀಯದಿಂದ ದೂರ ಇರುವ ಷರತ್ತಿಗೆ ಒಪ್ಪಿ ಬಿಡುಗಡೆ ಪಡೆದರು. ಅದಕ್ಕೆ ಅವರನ್ನು ಹೇಡಿ ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಹತ್ತು ವರ್ಷದ ಗಡೀಪಾರು, ಬಡತನ, ಹಿಂದೆ ಮುಂದೆ ಗೂಢಚಾರರು. ಮನುಷ್ಯ ಎಷ್ಟು ತಡೆದಾನು? ಮೂರು ವರ್ಷದೊಳಗೆ, 1921ರ ಸೆಪ್ಟೆಂಬರ್‌ನಲ್ಲಿ ತಿರುವಲ್ಲಿಕ್ಕೇಣಿಯಲ್ಲಿ ತೀರಿಹೋದರು. ವಯಸ್ಸು 38. ಶವದ ಹಿಂದೆ ಹೋದವರು ಬೆರಳೆಣಿಕೆಯ ಜನ.

ನಮ್ಮ ಧರ್ಮಶಾಸ್ತ್ರದಲ್ಲಿ ಎರಡು ಬಗೆಯ ಹಕ್ಕುಗಳ ಮಾತಿದೆ. ಅಲ್ಲಾಹನ ಹಕ್ಕು ಒಂದು, ಆತನ ದಾಸರ ಹಕ್ಕು ಇನ್ನೊಂದು. ಹಕ್ಕುಲ್ ಇಬಾದ್ ಎಂದು ನಮ್ಮ ಮದ್ರಸಾಗಳಲ್ಲಿ ಕಲಿಸುವುದು ಇದನ್ನೇ. ತನ್ನ ವಿಷಯದಲ್ಲಿ ಆದ ತಪ್ಪನ್ನು ಅಲ್ಲಾಹನು ಮನ್ನಿಸಬಹುದು. ಆದರೆ ಮನುಷ್ಯನಿಗೆ ಆದ ಅನ್ಯಾಯವನ್ನು ಆ ಮನುಷ್ಯನೇ ಮನ್ನಿಸಬೇಕು. ದೇವರ ಮಾರ್ಗದಲ್ಲಿ ಪ್ರಾಣ ಕೊಟ್ಟವನಿಗೆ ಎಲ್ಲವೂ ಮಾಫಿ, ಸಾಲವೊಂದನ್ನು ಬಿಟ್ಟು ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದಕ್ಕಿಂತ ಕಟುವಾದ ಮಾತು ಬೇರೊಂದು ಬೇಕೆ? ಹುತಾತ್ಮತೆಯೂ ಹತ್ತು ದೀನಾರ್ ಬಾಕಿಯನ್ನು ಅಳಿಸಲಾರದು ಎಂದಮೇಲೆ ಒಂದು ಕವಿತೆ ಅಳಿಸೀತೆ?

ಹಾಗೆಂದು ಬಾಗಿಲು ಮುಚ್ಚಿಲ್ಲ. ಸಾಲ ಉಳಿಸಿ ಸತ್ತವನೊಬ್ಬನ ಜನಾಝಾ ತಂದಾಗ ಪ್ರವಾದಿಯವರು(ಸ) ತಾವು ನಮಾಝ್ ಮಾಡಿಸಲು ಮುಂದೆ ಬರಲಿಲ್ಲ, ನೀವೇ ಮಾಡಿಕೊಳ್ಳಿ ಎಂದರು. ಆಗ ಅಬೂ ಕತಾದಾ ಎಂಬ ಸಹಾಬಿ ಸಾಲಿನಿಂದ ಮುಂದೆ ಬಂದು, ಅವನ ಸಾಲ ನನ್ನ ಮೇಲಿರಲಿ ಎಂದರು. ಪ್ರವಾದಿಯವರು ನಮಾಝ್ ಮಾಡಿಸಿದರು. ಒಂದು ವರದಿಯಲ್ಲಿ ಇನ್ನೂ ಮುಂದಿನ ಮಾತಿದೆ: ಮರುದಿನ ಭೇಟಿಯಾದಾಗ ಪ್ರವಾದಿಯವರು ಅಬೂ ಕತಾದಾರನ್ನು ಮತ್ತೆ ಕೇಳಿದರಂತೆ, ಆ ದೀನಾರ್ ತೀರಿಸಿದೆಯಾ ಎಂದು. ನನಗೆ ಇಷ್ಟವಾಗುವುದು ಆ ಮರುದಿನದ ವಿಚಾರಣೆ. ಸಭೆಯಲ್ಲಿ ಎದ್ದು ನಿಂತು ಹೊಣೆ ನನ್ನದು ಎನ್ನುವುದು ಕಷ್ಟವಲ್ಲ. ಮರುದಿನ ಕೊಡುವುದು ಕಷ್ಟ.

ಭಾರತಿಯವರ ವಿಷಯದಲ್ಲಿ ಅಂಥ ಕೆಲಸ ಸ್ವಲ್ಪ ನಡೆದಿದೆ. ಗಂಡ ಸತ್ತಮೇಲೆ ಚೆಲ್ಲಮ್ಮನವರೇ ಮುಂದೆ ನಿಂತು ಅವರ ಕವಿತೆಗಳನ್ನು ಅಚ್ಚು ಹಾಕಿಸಲು ಹೊರಟರು. ಬಾಕಿ ಬರಬೇಕಾದವಳೇ ಬಾಕಿದಾರನ ಹೆಸರು ಉಳಿಸಿದಳು. ಆಮೇಲೆ ಹಾಡುಗಳ ಹಕ್ಕು ಕೈಯಿಂದ ಕೈಗೆ ಮಾರಾಟವಾಗಿ ಸಿನಿಮಾದವರವರೆಗೂ ಹೋಯಿತು. ಜನ ಪ್ರತಿಭಟಿಸಿದರು. 1949ರಲ್ಲಿ ಮದರಾಸ್ ಸರ್ಕಾರ ಆ ಹಕ್ಕುಗಳನ್ನೆಲ್ಲ ತಾನು ಪಡೆದು, ಚೆಲ್ಲಮ್ಮನವರಿಗೂ ಇಬ್ಬರು ಹೆಣ್ಣುಮಕ್ಕಳಿಗೂ ತಲಾ 5,000 ರೂಪಾಯಿ ಕೊಟ್ಟಿತು. ಕೆಲವು ವರ್ಷದಲ್ಲಿ ಹಾಡುಗಳನ್ನು ಜನರಿಗೇ ಬಿಟ್ಟುಕೊಟ್ಟಿತು. ಇವತ್ತು ಯಾರೂ ಯಾರ ಅಪ್ಪಣೆಯಿಲ್ಲದೆ ಭಾರತಿಯನ್ನು ಹಾಡಬಹುದು. ಮನೆಯವರ ಬಾಕಿ ಅಷ್ಟರಮಟ್ಟಿಗೆ ಯಾರದೋ ಕೈಯಿಂದ ಸಂದಿತು. ಶ್ರೀನಿವಾಸನ್ ಅವರ ಬಾಕಿಗೆ ನಾವು ಹಾಡು ಕೇಳುವವರು ಕನಿಷ್ಠ ಅವರ ಹೆಸರನ್ನಾದರೂ ಹೇಳಬಹುದು ಅನಿಸಿ ಇಷ್ಟು ಬರೆದೆ.

ಇದನ್ನು ದೂರದ ತಮಿಳರ ಲೆಕ್ಕವೆಂದು ಬಿಟ್ಟುಬಿಡಲು ಆಗುವುದಿಲ್ಲ. ಮಂಡ್ಯದವರು ನಾವು ಕನ್ನಂಬಾಡಿ ಕಟ್ಟೆಯ ನೀರು ಕುಡಿದವರು. ನಾಲ್ವಡಿಯವರನ್ನೂ ವಿಶ್ವೇಶ್ವರಯ್ಯನವರನ್ನೂ ದೇವರ ಪಟದ ಪಕ್ಕ ಇಟ್ಟಿದ್ದೇವೆ, ಅದು ನ್ಯಾಯವೂ ಹೌದು. ಆದರೆ ಕನ್ನಂಬಾಡಿ ಎಂಬುದು ಆ ನೀರಿನಲ್ಲಿ ಮುಳುಗಿದ ಊರಿನ ಹೆಸರು. ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಊರು ನೆನಪಾಗುವುದಿಲ್ಲ.

ಇನ್ನೊಂದು ಲೆಕ್ಕ ನನಗೆ ಇನ್ನೂ ಹತ್ತಿರದ್ದು. ಮಂಡಯಂ ಅಯ್ಯಂಗಾರರ ಹಲವು ಮನೆಗಳಲ್ಲಿ ನರಕ ಚತುರ್ದಶಿಯ ದಿನ ಹಬ್ಬವಿಲ್ಲ, ದೀಪವಿಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಅದೇ ದಿನ ತಮ್ಮ ಹಿರಿಯರನ್ನು ಕೊಲ್ಲಲಾಯಿತು ಎಂಬುದು ಅವರ ಮನೆಮನೆಯ ನೆನಪು. ಎಷ್ಟು ಜನ, ಯಾವ ಸಂದರ್ಭ, ಯಾವ ದಾಖಲೆ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಒಡೆಯರ ಮನೆತನವನ್ನು ಮತ್ತೆ ಪಟ್ಟಕ್ಕೆ ತರಲು ನಡೆದ ಒಳಸಂಚಿಗೆ ಇದನ್ನು ಜೋಡಿಸುವವರಿದ್ದಾರೆ, ಇಂಥದ್ದು ನಡೆದೇ ಇಲ್ಲ ಎನ್ನುವವರೂ ಇದ್ದಾರೆ. ಅದೇ ಮೇಲುಕೋಟೆಯ ದೇವಸ್ಥಾನಕ್ಕೆ ಸುಲ್ತಾನರು ಕೊಟ್ಟ ಬೆಳ್ಳಿಯ ಪಾತ್ರೆಗಳೂ ಇವೆ. ಬ್ರಿಟಿಷರ ಎದುರು ನಿಂತು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ಅವರನ್ನು ನಾನು ಚಿಕ್ಕಂದಿನಿಂದ ಪ್ರೀತಿಸಿದವನು, ಈಗಲೂ ಪ್ರೀತಿಸುತ್ತೇನೆ. ಬೆಳ್ಳಿ ಪಾತ್ರೆಯ ಮಾತನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಹಚ್ಚದ ದೀಪದ ಮಾತು ಎತ್ತಿದರೆ ಮಾತ್ರ ನಮ್ಮವರು ನನ್ನ ಮುಖ ನೋಡುತ್ತಾರೆ. ಆ ಮನೆಯವರ ನೆನಪಿಗೆ ಪುರಾವೆ ಕೇಳುವುದು ಇತಿಹಾಸಕಾರನ ಕೆಲಸ, ಅವನು ಕೇಳಲಿ. ನೆರೆಯವನಾಗಿ ನನ್ನ ಕೆಲಸ ಮೊದಲು ಅದನ್ನು ಕಿವಿಗೊಟ್ಟು ಕೇಳುವುದಲ್ಲವೆ? ಭಾರತಿಯವರ ಅಭಿಮಾನಿಗಳಿಗೆ ಶ್ರೀನಿವಾಸನ್ ಹೆಸರು ಹೇಳಿ ಎಂದು ಕೇಳುವ ನಾನು, ನನ್ನ ಸುಲ್ತಾನನ ವಿಷಯ ಬಂದಾಗ ಬೆಳ್ಳಿ ಪಾತ್ರೆ ತೋರಿಸಿ ಸುಮ್ಮನಾದರೆ ಹೇಗೆ?

ಹಿಂದೊಮ್ಮೆ ಸುಲ್ತಾನರ ಕುರಿತ ಸ್ಮರಣ ಸಂಚಿಕೆಯೊಂದಕ್ಕೆ ಬರೆಯಲು ಕೇಳಿದ್ದರು. ಮೇಲುಕೋಟೆಯ ಪಾತ್ರೆ, ಮೇಲುಕೋಟೆಯ ಕತ್ತಲೆ ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಟ್ಟೆ. ಅಚ್ಚಾಗಿ ಬಂದಾಗ ಪಾತ್ರೆ ಇತ್ತು. ಕೇಳಿದ್ದಕ್ಕೆ, ಜಾಗ ಸಾಲಲಿಲ್ಲ ಸಾರ್ ಎಂದರು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ.